ಕಾರಿಗೂ ಉಡಿ ತುಂಬಿದ ದಿನ

ಭಾನುವಾರ ಬೆಳಿಗ್ಗೆ ಚಹಾಕ್ಕಿಂತ ಮೊದಲು ಕಾರಿನ ಬಾನೆಟ್ ಎತ್ತುವುದು ನನ್ನ ರೂಢಿ. ಇಂಜಿನ್ ರಾತ್ರಿಯೆಲ್ಲ ನಿಂತು ತಣ್ಣಗಾಗಿರುತ್ತದೆ, ಎಣ್ಣೆಯೆಲ್ಲ ಕೆಳಗಿಳಿದಿರುತ್ತದೆ. ಅಳೆದರೆ ಆಗಲೇ ಅಳೆಯಬೇಕು. ಎಣ್ಣೆಯ ಕಡ್ಡಿ ಹೊರಗೆಳೆದು, ಯಜಮಾನರ ಹಳೆಯ ಧೋತರದ ತುಂಡಿನಿಂದ ಒರೆಸಿ, ಮತ್ತೆ ಒಳಗಿಳಿಸಿ ತೆಗೆದರೆ ಎಣ್ಣೆ ಎರಡು ಗೆರೆಗಳ ನಡುವೆ ನಿಂತಿರಬೇಕು. ಆಮೇಲೆ ಕೂಲಂಟ್, ಅಂದರೆ ಇಂಜಿನ್ನನ್ನು ತಣ್ಣಗಿಡುವ ಹಸಿರು ನೀರು. ಆಮೇಲೆ ಬ್ರೇಕ್ ಎಣ್ಣೆ. ಬ್ಯಾಟರಿಯ ತಲೆಗೆ ಬಿಳಿ ಪುಡಿ ಹಿಡಿದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತಿಕ್ಕಿ, ಒಣಗಿದ ಮೇಲೆ ತುಸು ವ್ಯಾಸಲಿನ್ ಸವರುತ್ತೇನೆ.

ಜಲನಗರದ ನಮ್ಮ ಓಣಿಯಲ್ಲಿ ಇದು ಯಾರಿಗೂ ಹೊಸದಲ್ಲ. ಹಾಲಿನವನು ಗೇಟಿನ ಹೊರಗಿನಿಂದಲೇ ಕೇಳುತ್ತಾನೆ: "ಸಿಸ್ಟರ್ ಅಕ್ಕಾರ, ಪೇಶಂಟ್ ಹೆಂಗದಾರ್ರೀ?"

"ಆರಾಮ ಅದಾರ. ಹಾಲ ಅಷ್ಟ ಬ್ಯಾಡಂತ," ಅನ್ನುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ವಾರ್ಡಿನ ಉಸ್ತುವಾರಿ ನೋಡುತ್ತ ನಿವೃತ್ತಳಾದವಳು. ರೋಗಿ ನಗುತ್ತ ಕುಳಿತಿದ್ದರೂ ನಾಡಿ ಹಿಡಿದು ನೋಡಬೇಕು, ಜ್ವರ ಅಳೆಯಬೇಕು, ಅಳೆದದ್ದನ್ನು ಮುಂದಿನ ಪಾಳಿಯವರಿಗೆ ಹೇಳಿಯೇ ಮನೆಗೆ ಹೋಗಬೇಕು ಎಂದು ನಮ್ಮ ಕಾಲದ ಮೇಟ್ರನ್ ಬೆನ್ನು ಹತ್ತಿ ಕಲಿಸಿದ್ದರು. ಕಾರು ಓಡಿಸಲು ಕಲಿತದ್ದು ನಿವೃತ್ತಿಯ ನಂತರ. ಅಲ್ಲಿಯವರೆಗೆ ನನ್ನ ಬದುಕಿನ ಅರ್ಧ ಭಾಗ ಬಸ್ ನಿಲ್ದಾಣದಲ್ಲಿ ಕಳೆದಿತ್ತು, ಉಳಿದರ್ಧ ಯಾರದಾದರೂ ಸ್ಕೂಟರಿನ ಹಿಂದೆ. "ತಮ್ಮಾ, ಅಷ್ಟ ದೂರ ಬಿಡ್ತೀಯೇನ?" ಎಂದು ಕೇಳದೆ ಮೊದಲ ಸಲ ಒಬ್ಬಳೇ ಗೋಳಗುಮ್ಮಟದ ತನಕ ಹೋಗಿ, ಅಲ್ಲಿ ಕಾರು ನಿಲ್ಲಿಸಿ, ಒಂದು ಎಳನೀರು ಕುಡಿದು ವಾಪಸು ಬಂದ ದಿನ ನನಗೆ ಬಡ್ತಿ ಸಿಕ್ಕ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು.

ನಮ್ಮ ಯಜಮಾನರು ಪ್ರಾಥಮಿಕ ಶಾಲೆಯ ಮಾಸ್ತರಾಗಿದ್ದವರು. ಗಾಡಿ ಓಡಿಸುವುದು ಅವರಿಗೆ ಬೇಡ. ಪಕ್ಕದಲ್ಲಿ ಕೂತು ಮಾತಾಡುವುದು ಬೇಕು. ಭಾನುವಾರದ ರೌಂಡ್ಸಿನಲ್ಲಿ ಅವರ ಕೆಲಸ ಕಾರಿನ ಹಿಂದೆ ನಿಂತು ದೀಪ ನೋಡುವುದು. ನಾನು ಒಳಗೆ ಕೂತು ಒಂದೊಂದೇ ಒತ್ತುತ್ತೇನೆ.

"ಎಡಗಡೆ?"

"ಹಾಜರ್!"

"ಬ್ರೇಕ್?"

"ಹಾಜರ್!"

"ಬಲಗಡೆ?"

"ಗೈರ ಹಾಜರ್... ತಡಿ, ಈಗ ಬಂತು. ತಡಾ ಮಾಡಿ ಬಂದೈತಿ, ಬೆಂಚ್ ಮ್ಯಾಲ ನಿಲ್ಲಸಲೇನ?"

ಬಲಗಡೆಯ ಆ ದೀಪದ ತಂತಿ ಸಡಿಲಾಗಿದೆ ಎಂದು ಗೊತ್ತಾದದ್ದು ಹಾಗೆ. ಗೋಳಗುಮ್ಮಟದ ಹತ್ತಿರ ನಮ್ಮ ಕಾಯಂ ಮಿಸ್ತ್ರಿ ಇದ್ದಾನೆ. ದೊಡ್ಡ ಬಾಯಿಯ, ದೊಡ್ಡ ನಗುವಿನ ಮನುಷ್ಯ. ನನ್ನ ಕಾರು ಬಂದದ್ದು ಕಂಡರೆ ದೂರದಿಂದಲೇ ಕೂಗುತ್ತಾನೆ: "ಬಂದ್ರಪಾ ಬಂದ್ರು, ಸಿಸ್ಟರ್ ಬಂದ್ರು! ಎಲ್ಲಾರೂ ಕೈ ತೊಳಕೋರಿ!" ವಿಜಯಪುರದ ಧೂಳು ಎಂಥದೆಂದು ಇಲ್ಲಿ ಇದ್ದವರಿಗೇ ಗೊತ್ತು. ಗಾಳಿ ಸೋಸುವ ಫಿಲ್ಟರನ್ನು ಅವನು ಹೊರಗೆ ತೆಗೆದು ನೆಲಕ್ಕೆ ತಟ್ಟಿದರೆ ಒಂದು ಎಕರೆ ಎರೆಹೊಲ ಉದುರಿದಂತಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಕಾರಿನ ಕೀಲಿ ಒಂದು ದಿನ ನನ್ನ ಕೈ ಬಿಟ್ಟು ಹೋಗುವುದರಲ್ಲಿತ್ತು.

ನನ್ನ ತಮ್ಮ ಟಿಕೋಟಾದಲ್ಲಿ ದ್ರಾಕ್ಷಿ ಬೆಳೆಗಾರ. ಒಣದ್ರಾಕ್ಷಿ ವ್ಯಾಪಾರವೂ ಇದೆ. ಕಳೆದ ದಸರೆಗೆ ಮುಂಚೆ ಅವನು ಎತ್ತರದ, ಬಿಳಿಯ, ಹೊಸ ಕಾರು ತಂದ. ಒಳಗೆ ರೊಟ್ಟಿ ಬಡಿಯುವ ಪರಾತದಷ್ಟು ದೊಡ್ಡ ಟಿವಿ. ಅದು ಮಾತಾಡುತ್ತದೆ, ದಾರಿ ತೋರಿಸುತ್ತದೆ, ಹಾಡು ಹೇಳುತ್ತದೆ. ಸೀಟುಗಳ ಮೇಲಿನ ಪ್ಲಾಸ್ಟಿಕ್ ಮಾತ್ರ ಅವನು ಇನ್ನೂ ತೆಗೆದಿರಲಿಲ್ಲ. ಕೂತರೆ ಹಪ್ಪಳ ಮುರಿದಂತೆ ಸದ್ದು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಾವಿಬ್ಬರೂ ಟಿಕೋಟಾಕ್ಕೆ ಹೋಗಿದ್ದೆವು. ಅಂಗಳದಲ್ಲಿ ಟ್ರ್ಯಾಕ್ಟರ್, ಔಷಧಿ ಹೊಡೆಯುವ ಯಂತ್ರ, ಕುಡಗೋಲು, ಹೊಸ ಕಾರು ಎಲ್ಲಕ್ಕೂ ಚೆಂಡುಹೂವಿನ ಮಾಲೆ. ಕೊನೆಯಲ್ಲಿ ನನ್ನ ಬೂದು ಬಣ್ಣದ ಸಣ್ಣ ಕಾರು. ತಮ್ಮ ಅದಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ನನ್ನ ಕಡೆ ತಿರುಗಿದ.

"ಅಕ್ಕಾ, ನಿನ್ನ ಡಬ್ಬಿಗೆ ಇದು ಕಡೀ ಪೂಜಿ ಅಂತ ತಿಳಕೊ. ಗಿರಾಕಿ ನಾ ನೋಡೀನಿ."

"ಯಾವ ಡಬ್ಬಿ? ಹಿಟ್ಟಿಂದೋ, ಎಣ್ಣಿದೋ?"

"ತಗಡಿನ ಡಬ್ಬಿ. ಚಾಷ್ಟಿ ಬ್ಯಾಡ. ಮಗಳ ಕುಬಸ ಮುಗಿಸಿ ಬಬಲೇಶ್ವರದಿಂದ ಕರಕೊಂಡ ಬರೂದು ಐತಿ. ಬಸರಿ ಹೆಣ್ಣಮಗಳು. ನನ್ನ ಗಾಡ್ಯಾಗ ಬರ್ಲಿ. ನಿನ್ನ ಡಬ್ಬಿ ನಡು ದಾರ್ಯಾಗ ನಿಂತ್ರ ಏನ ಗತಿ?"

ತಂದೆಯ ಚಿಂತೆ, ತಪ್ಪಲ್ಲ. ಅವನ ಒಬ್ಬಳೇ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಚೊಚ್ಚಲ ಬಸಿರು. ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಆದ ಮೇಲೆ ಹೆರಿಗೆಗೆ ತವರಿಗೆ ಕರೆತರುವುದು ನಮ್ಮ ಪದ್ಧತಿ. ಆದರೆ ಮಗಳಿಗೇ ಬೇರೆ ಲೆಕ್ಕವಿತ್ತು. ತಮ್ಮ ಅಲ್ಲಿಂದಲೇ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ.

"ಯಪ್ಪಾ, ನೀ ಕಿಡಕಿ ಮುಚ್ಚಿ ಎಸಿ ಹಾಕ್ತಿ. ಆ ಹೊಸಾ ಗಾಡಿ ವಾಸನಿಗೆ ನಂಗ ಓಕರಿಕಿ ಬರ್ತೈತಿ. ನಾ ಬಂದ್ರ ಅತ್ತಿ ಗಾಡ್ಯಾಗ ಬರ್ತೀನಿ. ಇಲ್ಲಂದ್ರ ಇಲ್ಲೇ ಹಡೀತೀನಿ!"

ಅಂಗಳದಲ್ಲಿದ್ದ ಹೆಂಗಸರೆಲ್ಲ ನಕ್ಕರು. ತಮ್ಮ ನಗಲಿಲ್ಲ. ಮೀಸೆ ತಿರುವಿದ.

"ಆತು. ನಿನ್ನ ಗಾಡ್ಯಾಗ ಬರ್ಲಿ. ಆದ್ರ ಅದು ದಾರ್ಯಾಗ ನಿಂತಿತಂದ್ರ ಅಲ್ಲೇ ಕೀಲಿ ನನ್ನ ಕೈಗೆ. ಆಮ್ಯಾಲ ನೀ ಗಾಡಿ ಹೊಡಿಯೂ ಮಾತಿಲ್ಲ."

"ನಿನ್ನ ಗಾಡಿ ನಿಂತ್ರ?"

"ನಿಂದರಾಕ ಅದಕ್ಕೇನ ವಯಸ್ಸಾಗೇತಿ? ನಿಂತ್ರ ನಂದೂ ಕೀಲಿ ನೀ ತಗೋ!"

ಕುಂಕುಮದ ತಟ್ಟೆಯ ಮೇಲೆ ಕೈ ಇಟ್ಟು ಇಬ್ಬರೂ ಮಾತು ಕೊಟ್ಟೆವು. "ಪೂಜಿ ಮುಂದ ಆದ ಮಾತು, ಇಬ್ರೂ ತಪ್ಪೂಹಂಗಿಲ್ಲ," ಎಂದು ನಮ್ಮ ಯಜಮಾನರು ಸಾಕ್ಷಿ ನಿಂತರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಸೂಜಿಗಳನ್ನೇ ನೋಡುತ್ತ ಬಂದೆ. ಮತ್ತೆ ಸ್ಕೂಟರಿನ ಹಿಂದೆ ಕೂರುವ ವಯಸ್ಸು ಇದಲ್ಲ.

ಕುಬಸ ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ನಾನು ಮಿಸ್ತ್ರಿಯ ಕಡೆ ಇಂಜಿನ್ ಎಣ್ಣೆ ಬದಲಿಸಿದೆ, ರೇಡಿಯೇಟರ್ ತೊಳೆಸಿ ಹೊಸ ಕೂಲಂಟ್ ಹಾಕಿಸಿದೆ, ಬೆಲ್ಟ್ ನೋಡಿಸಿದೆ, ಬ್ರೇಕ್ ಬಿಚ್ಚಿಸಿದೆ. ನಮ್ಮ ಬೋರಿನ ಸವಳು ನೀರು ರೇಡಿಯೇಟರಿಗೆ ತೋರಿಸಲೂ ಬಾರದು. ಚಹಾದ ಪಾತ್ರೆಗೆ ಹಿಡಿಯುವ ಬಿಳಿ ಪೊರೆ ಅಲ್ಲಿಯೂ ಹಿಡಿಯುತ್ತದೆ. ಅದಕ್ಕೆ ಕೂಲಂಟಿನ ಒಂದು ಡಬ್ಬಿ ಸದಾ ಡಿಕ್ಕಿಯಲ್ಲಿ. ಸ್ಟೆಪ್ನಿಗೂ ಗಾಳಿ ತುಂಬಿಸಿದೆ. ಹಲವರ ಸ್ಟೆಪ್ನಿ ಬೇಕಾದಾಗ ನೋಡಿದರೆ ಹಳೆಯ ದಿಂಬಿನಂತಿರುತ್ತದೆ.

ಮಿಸ್ತ್ರಿ ಬಾನೆಟ್ ಮುಚ್ಚಿ ಹೇಳಿದ: "ಅಕ್ಕಾರ, ಇದನ್ನ ಈಗ ಮದಿವಿ ಮಾಡಿ ಕೊಡಬೌದ್ರಿ."

ಹೊರಟ ದಿನ ಬೆಳಿಗ್ಗೆ ಡೋಣಿ ಹೊಳೆಯ ಸೇತುವೆ ದಾಟುವಾಗ ಎರಡೂ ಕಡೆ ಜೋಳ ಮೊಣಕಾಲು ಮಟ್ಟ ಬೆಳೆದು ನಿಂತಿತ್ತು. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎಂದು ಯಜಮಾನರು ಮಕ್ಕಳಿಗೆ ಪಾಠ ಹೇಳಿದಂತೆ ಹೇಳಿದರು. ತಮ್ಮ ಟಿಕೋಟಾದಿಂದ ಹೆಂಡತಿಯನ್ನೂ ನಮ್ಮ ಇಬ್ಬರು ಚಿಕ್ಕಮ್ಮಂದಿರನ್ನೂ ಬುತ್ತಿಯ ಬುಟ್ಟಿಗಳನ್ನೂ ತುಂಬಿಕೊಂಡು ನಮಗಿಂತ ಮೊದಲೇ ಬಬಲೇಶ್ವರ ತಲುಪಿದ್ದ.

ಹುಡುಗಿ ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಮುಡಿ ತುಂಬ ಹೂವಿನಲ್ಲಿ ಕುಳಿತಿದ್ದಳು. ಕಣ್ಣು ಮಾತ್ರ ಆಗಾಗ ಹೋಳಿಗೆಯ ಕಡೆ. ಹಾಡು, ಆರತಿ, ಉಡಿ ತುಂಬುವುದು ಎಲ್ಲ ಕ್ರಮವಾಗಿ ಆಯಿತು. ಊಟವಾಗಿ, ಎಲೆ ಅಡಿಕೆಯಾಗಿ, ಹೊರಡುವ ಹೊತ್ತಿಗೆ ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ತಟ್ಟೆ ಹಿಡಿದು ಅಂಗಳಕ್ಕೆ ಬಂದಳು. ಬಹಳ ಹೌಸಿನ, ಉತ್ಸಾಹದ ಹೆಂಗಸು.

"ತವರಿಗೆ ಕರಿಯಾಕ ಬಂದಾಕಿನ್ನ ಖಾಲಿ ಉಡಿಲೆ ಕಳಸಬಾರದ್ರಿ," ಅಂದಳು.

"ನಂಗ ತುಂಬೀರಲ್ಲ," ಅಂದೆ.

"ನಿಮಗಲ್ರಿ ಅಕ್ಕಾರ, ಈಕಿಗೆ!" ಎಂದು ನನ್ನ ಕಾರನ್ನು ತೋರಿಸಿದಳು. "ನನ್ನ ಸೊಸಿನ್ನ ಹೊಟ್ಯಾಗ ಇಟಗೊಂಡ ಹೋಗಾಕಿ ಈಕಿನ. ಈಕೀನೂ ಹೆಣ್ಣಮಗಳ ಅಲ್ಲೇನ?"

ಅಂಗಳವೆಲ್ಲ ನಗು. ನಗುನಗುತ್ತಲೇ ಹೆಂಗಸರು ಕೆಲಸಕ್ಕೆ ಇಳಿದರು. ಹಸಿರು ಖಣಗಳನ್ನು, ಅಂದರೆ ರವಿಕೆಯ ಬಟ್ಟೆಗಳನ್ನು ಜೋಡಿಸಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ ಇಟ್ಟು, ಕಾರಿನ ಮುಂದಿನ ಜಾಲರಿಗೆ ಅಡ್ಡಲಾಗಿ ಬಿಗಿದು ಕಟ್ಟಿದರು. ಅದರ ಮೇಲೆ ಚೆಂಡುಹೂವಿನ ದಪ್ಪ ಮಾಲೆ. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಹೇಗೆ? ತಮ್ಮನ ಕಾರಿನ ಬಾಯಿ ದೊಡ್ಡದು, ಖಣ ಸಾಲಲಿಲ್ಲ. ಒಂದು ಹೊಸ ಸೀರೆಯನ್ನೇ ಮಡಚಿ ಕಟ್ಟಿದರು. ನಾನು ದೀಪ, ನಂಬರು ಮುಚ್ಚಬೇಡಿ ಎಂದು ಮಾತ್ರ ಹೇಳಿದೆ. ಅದನ್ನು ಕೇಳಿ ಸರಿಮಾಡಿದರು. ಅಷ್ಟು ಜನರಲ್ಲಿ, ನನ್ನನ್ನೂ ಸೇರಿಸಿ, ಬೇರೆ ಏನೂ ಯಾರ ತಲೆಗೂ ಬರಲಿಲ್ಲ. ಎರಡೂ ಕಾರು ಅಷ್ಟು ಚೆಂದ ಕಾಣುತ್ತಿದ್ದವು.

"ತವರಮನಿ ಹೊಸ್ತಿಲದಾಗ ಆರತಿ ಮಾಡೇ ಬಿಚ್ಚಬೇಕ್ರಿ. ನಡುವ ನೆಲಕ್ಕ ಇಡಬ್ಯಾಡ್ರಿ," ಎಂದು ಬೀಗತಿ ಎಚ್ಚರಿಸಿದಳು.

ಬಬಲೇಶ್ವರದಿಂದ ಟಿಕೋಟಾಕ್ಕೆ ಅಡ್ಡರಸ್ತೆ ಹಿಡಿದೆವು. ತಮ್ಮ ಹಾರ್ನ್ ಹೊಡೆದು ಮುಂದೆ ಹಾರಿಹೋದ. ನನ್ನ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಸಿಕ್ಕಿತು, ಹಿಂದೆ ಎರಡು ಟ್ರೇಲರ್; ರಸ್ತೆ ತುಂಬ ಅದೇ. ಬಸುರಿಯನ್ನು ಕೂರಿಸಿಕೊಂಡು ಓವರ್‌ಟೇಕ್ ಮಾಡುವ ಆತುರ ನನಗಿರಲಿಲ್ಲ. ಕಿಟಕಿ ಪೂರ್ತಿ ಇಳಿಸಿ ಹುಡುಗಿ ಗಾಳಿಗೆ ಮುಖ ಕೊಟ್ಟು, ಟ್ರೇಲರಿನಿಂದ ಜೋತುಬಿದ್ದ ಕಬ್ಬನ್ನು ಆಸೆಯಿಂದ ನೋಡುತ್ತಿದ್ದಳು. "ಮಾಮಾ, ಒಂದ ಕಿತ್ತಕೊಡ್ರಿ."

"ಮಾಸ್ತರ ಕಬ್ಬ ಕದ್ರ ಊರ ಏನಂದೀತು?"

ಆಗ ನಾನು ಸೂಜಿ ನೋಡಿದೆ. ಇಂಜಿನ್ನಿನ ಶಾಖ ತೋರಿಸುವ ಸೂಜಿ ಯಾವತ್ತೂ ಅರ್ಧಕ್ಕಿಂತ ಕೆಳಗೆ ಇರುವುದು ಅರ್ಧ ದಾಟಿತ್ತು. ಮತ್ತೆ ನೋಡಿದಾಗ ಇನ್ನೂ ಮೇಲೆ. ನಾನು ಹೀಟರನ್ನು ಪೂರ್ತಿ ತಿರುಗಿಸಿದೆ. ಇಂಜಿನ್ನಿನ ಬಿಸಿಯನ್ನು ಒಳಕ್ಕೆ ಎಳೆದು ಕಿಟಕಿಯಿಂದ ಹೊರಹಾಕುವ ಉಪಾಯ ಅದು. ಬಿಸಿಗಾಳಿ ನೇರವಾಗಿ ಯಜಮಾನರ ಮೊಣಕಾಲಿಗೆ ಬಡಿಯಿತು.

"ಏ, ಒಲಿ ಹಚ್ಚಿದಿ ಏನ? ಊಟ ಆಗೇತಲ್ಲ!"

"ಜ್ವರಾ ಏರಾಕತ್ತೈತಿ. ನಿಲ್ಲಸ್ತೀನಿ."

ಅವರ ನಗು ನಿಂತಿತು. "ನಿಂತ್ರ ಕೀಲಿ ಹೋಗ್ತೈತಿ. ಟಿಕೋಟಾ ಏನ ಭಾಳ ದೂರಿಲ್ಲ. ಹಂಗ ಸಾವಕಾಶ ಹೊಡಿ."

ಅದು ನಿಜವಾಗಿತ್ತು. ಓಡಿಸಿದ್ದರೆ ಬಹುಶಃ ತಲುಪುತ್ತಿತ್ತು. ಹಿಂದಿನ ಸೀಟಿನಲ್ಲಿ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

"ಜ್ವರಾ ಬಂದವರನ್ನ ಯಾರರ ಓಡಸ್ತಾರೇನ್ರಿ?" ಎಂದೆ. ರಸ್ತೆ ಬದಿಯ ಬೇವಿನ ಮರದ ನೆರಳಿಗೆ ಕಾರು ಒಯ್ದು ನಿಲ್ಲಿಸಿದೆ.

ಹುಡುಗಿಯನ್ನು ಇಳಿಸಿ ನೆರಳಲ್ಲಿ ಚಾದರ ಹಾಸಿ ಕೂರಿಸಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಬಿಸಿ ಇರುವಾಗ ಅದನ್ನು ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಸುಟ್ಟ ಮುಖಗಳಿಗೆ ಮುಲಾಮು ಹಚ್ಚಿದ ಕೈ ಇದು. ಹೊರಗಿನಿಂದಲೇ ನೋಡುತ್ತ ಹೋದೆ. ಕೂಲಂಟ್ ಗೆರೆಯಲ್ಲಿದೆ. ಸೋರಿಕೆ ಇಲ್ಲ. ಬೆಲ್ಟ್ ಬಿಗಿ ಇದೆ. ಫ್ಯಾನ್ ತಿರುಗುತ್ತಲೇ ಇದೆ. ಎಲ್ಲ ಸರಿ, ಜ್ವರ ಮಾತ್ರ ಇದೆ. ಏನೆಂದು ತಿಳಿಯದೆ ಮುಂದಿನಿಂದ ಸುತ್ತಿ ಬರುವಾಗ ನನ್ನ ಮೊಣಕಾಲಿಗೆ ಉಡಿ ತಾಗಿತು.

ಖಣ ಜಾಲರಿಗೆ ಅಂಟಿಕೊಂಡು ಕೂತಿತ್ತು. ಒಳಗಿನ ಫ್ಯಾನ್ ಗಾಳಿಗಾಗಿ ಎಳೆಯುತ್ತಿದೆ, ಎಳೆದಷ್ಟೂ ಬಟ್ಟೆ ಒತ್ತಿ ಬಿಗಿಯುತ್ತಿದೆ. ಮೇಲೆ ಹೂವಿನ ಮಾಲೆ. ಉಸಿರಾಡುವ ಮೂಗಿನ ಮೇಲೆ ನಾವೇ ಮಂಗಳಕರವಾಗಿ ದಿಂಬು ಒತ್ತಿದ್ದೆವು.

ನಾನು ಅಲ್ಲೇ ಕೂತು ನಗತೊಡಗಿದೆ. ಹುಡುಗಿಗೆ ತೋರಿಸಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗಸಬ್ಯಾಡ ಅತ್ತಿ, ಒಳಗಿಂದೂ ಒದೀಲಿಕತ್ತೇತಿ!"

ಈಗ ಬಿಚ್ಚಬೇಕು. ಆದರೆ ಉಡಿಯನ್ನು ನೆಲಕ್ಕೆ ಇಡುವಂತಿಲ್ಲ, ತವರು ಮುಟ್ಟುವವರೆಗೆ ಯಾರಾದರೂ ಮಡಿಲಲ್ಲೇ ಹಿಡಿಯಬೇಕು. ಹುಡುಗಿಯ ಮಡಿಲು ಆಗಲೇ ತುಂಬಿದೆ. ನನ್ನ ಮಡಿಲಲ್ಲಿ ಗಂಟಿದ್ದರೆ ಸ್ಟೇರಿಂಗ್ ತಿರುಗುವುದಿಲ್ಲ. ನಾವಿಬ್ಬರೂ ಒಟ್ಟಿಗೇ ಯಜಮಾನರ ಕಡೆ ನೋಡಿದೆವು.

"ಏ, ಬ್ಯಾಡ," ಅಂದರು ಅವರು. "ಗಂಡಸರಿಗೆ ಉಡಿ ತುಂಬಿದ್ದು ಯಾವ ಊರಾಗ ಕೇಳೀರಿ?"

"ಮಾಮಾ, ನೀವ ಹಿಡಕೋರಿ. ನಿಮ್ಮ ಹೊಟ್ಟಿ ನೋಡಿದ್ರ ನಿಮಗೂ ಏಳನೇದ ನಡದಂಗ ಐತಿ."

ಶಲ್ಯ ಹಾಸಿ ಅವರು ಉಡಿ ತೆಗೆದುಕೊಂಡರು. ಗೌರವದಿಂದಲೇ ತೆಗೆದುಕೊಂಡರು ಎನ್ನಬೇಕು.

ಇಂಜಿನ್ ತಣಿಯುವವರೆಗೆ ಕರಿಗಡಬು ತಿನ್ನುತ್ತ ಕೂತೆವು. ಹುಡುಗಿ ಮೆಲ್ಲಗೆ ಕೇಳಿದಳು: "ಅತ್ತಿ, ಅಪ್ಪಗ ಹೇಳೂದ ಬ್ಯಾಡ. ನಾವ ಮೂರ ಮಂದಿಗಷ್ಟ ಗೊತ್ತು."

"ಪಾಳಿ ಮುಗದಾಗ ಏನೇನ ಆತು ಎಲ್ಲಾ ಹೇಳಬೇಕವಾ. ಮುಚ್ಚಿಟ್ಟ ಹೋಗೂದು ನಂಗ ಬರೂದಿಲ್ಲ."

ಹಾಗೆ ಹೇಳಿದೆನೇನೋ ನಿಜ. ಕೀಲಿಗೆ ಕಟ್ಟಿದ ಕೆಂಪು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದೆ. ನಾಳೆಯಿಂದ ಆಟೋ ಕೂಗಬೇಕು. ಭಾನುವಾರ ಹಾಲಿನವನಿಗೆ ಏನು ಹೇಳುವುದು?

ಕಾರು ಒಂದೇ ತಿರುವಿಗೆ ಶುರುವಾಯಿತು. ಸೂಜಿ ತನ್ನ ಜಾಗಕ್ಕೆ ಇಳಿದು ಕೂತಿತು. ಒಂದು ತಿರುವು ದಾಟಿದೆವೋ ಇಲ್ಲವೋ, ರಸ್ತೆ ಬದಿಯಲ್ಲಿ ಬಿಳಿ ಕಾರು ಕಂಡಿತು. ಬಾನೆಟ್ಟಿನ ಸಂದಿನಿಂದ ಇಡ್ಲಿ ಪಾತ್ರೆಯಂತೆ ಹಬೆ. ನಮ್ಮ ಚಿಕ್ಕಮ್ಮಂದಿರು ಜಮಖಾನೆ ಹಾಸಿಕೊಂಡು ಚಕ್ಕುಲಿ ಮುರಿಯುತ್ತ ಕುಬಸದ ಹಾಡು ಮುಂದುವರಿಸಿದ್ದರು. ತಮ್ಮ ಡ್ರೈವರ್ ಸೀಟಿನಲ್ಲಿ ಕೂತು ಟಿವಿಯನ್ನು ಬೆರಳಿನಿಂದ ಕುಟ್ಟುತ್ತಿದ್ದ.

"ಏನ ಮಾಡಾಕತ್ತೀ ತಮ್ಮಾ?"

"ಬಾನೆಟ್ ತಗ್ಯೂ ಬಟನ್ ಹುಡಕಾಕತ್ತೇನಿ ಅಕ್ಕಾ. ಇದರಾಗ ಎಲ್ಲಾ ಐತಿ, ಅದೊಂದ ಇಲ್ಲ."

ಸ್ಟೇರಿಂಗಿನ ಕೆಳಗೆ ಕೈ ಹಾಕಿ ಹಿಡಿಕೆ ಎಳೆದೆ. ಟಪ್ ಎಂದು ಬಾನೆಟ್ ಸಡಿಲಾಯಿತು. ಹಿಂದಿನ ಸೀಟಿನಿಂದ ಇಳಿದು ಬಂದ ಅವನ ಹೆಂಡತಿ, "ಒಂದ ಎಳದ್ರ ಬರೂದಕ್ಕ ಇಷ್ಟೊತ್ತು ಟಿವಿ ನೋಡಿದ್ರಿ," ಅಂದಳು.

"ಕೆಂಪ ದೀಪ ಹತ್ತಲಿಲ್ಲೇನ?" ಕೇಳಿದೆ.

"ಹತ್ತಿತ್ತು. ಅದು ಇಂಗ್ಲೀಷಿನ್ಯಾಗ ಏನೋ ಒದರಾಕತ್ತು. ನಾ ಹಾಡಿನ ದನಿ ಏರಸಿದೆ." ಹೇಳುತ್ತಲೇ ಅವನು ಇಳಿದು ಬಂದು, ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬ್ಯಾಡ!"

ವಾರ್ಡಿನಲ್ಲಿ ಬಳಸುತ್ತಿದ್ದ ಆ ದನಿ ಇನ್ನೂ ಉಳಿದಿದೆ ಎಂದು ನನಗೂ ಗೊತ್ತಿರಲಿಲ್ಲ. ಹಾಡು ನಿಂತಿತು. ಚಕ್ಕುಲಿಯೂ ನಿಂತಿತು. ತಮ್ಮ ಚಿಕ್ಕ ಹುಡುಗನಂತೆ ಕೈ ಹಿಂದೆ ಕಟ್ಟಿಕೊಂಡ. ನಾನು ಮುಂದಿನ ಸೀರೆಯ ಗಂಟು ತೋರಿಸಿದೆ. ಅವನ ಹೆಂಡತಿ ಬಂದು ಸೆರಗೊಡ್ಡಿ ಉಡಿ ಬಿಚ್ಚಿಕೊಂಡಳು. ಕಾದೆವು. ಪೂರ್ತಿ ತಣಿದ ಮೇಲೆ ನನ್ನ ಡಿಕ್ಕಿಯ ಡಬ್ಬಿಯಿಂದ ಕೂಲಂಟ್ ಹಾಕಿ, ಶುರು ಮಾಡಿ, ಪೈಪುಗಳನ್ನೆಲ್ಲ ನೋಡಿದೆ. ಹೊಸ ಗಾಡಿ, ಮೈಗಟ್ಟಿ, ಏನೂ ಆಗಿರಲಿಲ್ಲ.

ಆಮೇಲೆ ನನ್ನ ಕೀಲಿಯನ್ನು ಅವನ ಮುಂದೆ ಹಿಡಿದೆ.

"ತಗೋ."

"ಏನಿದು?"

"ನಂದೂ ನಿಂತಿತ್ತು. ಹಿಂದ ಬೇವಿನ ಗಿಡದ ಕೆಳಗ. ಮಾತಂದ್ರ ಮಾತು."

ಅವನು ಕೀಲಿ ತೆಗೆದುಕೊಂಡ. ನನ್ನ ಕೈ ಹಗುರಾಯಿತು, ಬೇಡವಾದ ರೀತಿಯ ಹಗುರ. ಮಗಳು ಕಾರಿನ ಕಿಟಕಿಯಿಂದಲೇ ಕೂಗಿದಳು: "ಯಪ್ಪಾ, ನಿಂದೂ ಕೊಡು. ಕುಂಕುಮದ ಮ್ಯಾಲ ಕೈ ಇಟ್ಟೀದಿ!" ಅವನು ತನ್ನ ಕೀಲಿ ತೆಗೆದು ನನ್ನ ಅಂಗೈಗೆ ಹಾಕಿದ. ಅಷ್ಟರಲ್ಲಿ ನಮ್ಮ ಯಜಮಾನರು ಉಡಿ ಹಿಡಿದುಕೊಂಡು ಮೆಲ್ಲಗೆ ಇಳಿದರು. "ಸಾಕ್ಷಿ ಹೇಳಾಕ ಬಂದೀನಿ. ಜರಾ ದಾರಿ ಬಿಡ್ರಿ, ಭಾರ ಐತಿ." ಚಿಕ್ಕಮ್ಮಂದಿರು ಬಾಯಿಗೆ ಸೆರಗು ಒತ್ತಿಕೊಂಡರು.

ತಮ್ಮ ನಗುತ್ತಿರಲಿಲ್ಲ. "ಅಕ್ಕಾ, ನಿನ್ನ ಗಾಡಿಯಿಂದ ಹೊಗಿ ಬಂದಿತ್ತೇನ?"

"ಇಲ್ಲ. ಸೂಜಿ ಏರಿತ್ತು. ನಿಲ್ಲಿಸಿದೆ."

"ಕೀಲಿ ಹೋಗತೈತಿ ಅಂತ ಗೊತ್ತಿತ್ತು?"

"ಗೊತ್ತಿತ್ತು."

ಅವನು ಹಬೆ ಇಳಿದ ತನ್ನ ಕಾರಿನ ಕಡೆ ನೋಡಿದ, ಮಗಳ ಕಡೆ ನೋಡಿದ. "ನಾ ಹಬಿ ಬಂದು ಕಣ್ಣ ಕಾಣದಂಗ ಆಗೂತನಕ ಹೊಡದೀನಿ. ಅದರಾಗ ಆಕಿ ಇದ್ದಿದ್ರ?" ನನ್ನ ಕೀಲಿಯನ್ನು ನನ್ನ ಕೈಯಲ್ಲೇ ಇಟ್ಟು ಬೆರಳು ಮಡಚಿದ. "ಇದು ನಿನ್ನ ಹಂತ್ಯಾಕನ ಇರ್ಲಿ. 'ಗಾಡಿ ಹೊಡಿಯೂದ ಬಿಡು' ಅಂತ ನಾ ಇನ್ನ ಅನ್ನೂದಿಲ್ಲ. ಡಬ್ಬಿ ಅನ್ನೂದೂ ಬಿಟ್ಟೀನಿ."

"ನಿನ್ನ ಕೀಲಿ?"

"ಊರ ಮುಟ್ಟೂತನಕ ಕೊಡು. ಆಮ್ಯಾಲ ನೀನ ಇಟಗೊ, ನಂಗ ಬಾನೆಟ್ ತಗ್ಯೂದು ಬರೂತನಕ."

ಟಿಕೋಟಾದ ಹೊಸ್ತಿಲಲ್ಲಿ ಆರತಿ ಹಿಡಿದು ನಿಂತ ನೆರೆಮನೆಯ ಮುದುಕಿ ಮಗಳದೂ ಎರಡು ಕಾರಿನದೂ ಸೇರಿ ಮೂರು ಉಡಿ ಬಂದದ್ದು ನೋಡಿ, ಮೂರನೆಯದನ್ನು ಹೊತ್ತವರನ್ನು ನೋಡಿ, ಕನ್ನಡಕ ಒರೆಸಿಕೊಂಡಳು. ಆಮೇಲೆ ಅವರಿಗೂ ಆರತಿ ಎತ್ತಿದಳು.

ಮುಂದಿನ ಭಾನುವಾರ ತಮ್ಮ ಜಲನಗರಕ್ಕೆ ಬಂದ, ಹೆಂಡತಿಯ ಹತ್ತಿರವಿದ್ದ ಎರಡನೇ ಕೀಲಿಯ ಮೇಲೆ. ಒಣದ್ರಾಕ್ಷಿಯ ಪೊಟ್ಟಣ ಕೊಟ್ಟು, ಅಂಗಿಯ ತೋಳು ಮಡಚಿ ನಿಂತ. ಎರಡೂ ಕಾರಿನ ಬಾನೆಟ್ ಎತ್ತಿ ಅಕ್ಕಪಕ್ಕ ನಿಲ್ಲಿಸಿದ್ದು ಕಂಡು ಹಾಲಿನವನು, "ಸಿಸ್ಟರ್ ಅಕ್ಕಾರ, ವಾರ್ಡ್ ದೊಡ್ಡದ ಮಾಡೀರಿ!" ಅಂದ. ಎಣ್ಣೆಯ ಕಡ್ಡಿಯನ್ನು ತಮ್ಮ ತನ್ನ ಬಿಳಿ ಅಂಗಿಗೇ ಒರೆಸಿಕೊಂಡ. ಧೋತರದ ತುಂಡು ಕೊಟ್ಟೆ. ಹೋಗುವಾಗ ಸೀಟಿನ ಪ್ಲಾಸ್ಟಿಕ್ಕನ್ನೂ ಕಿತ್ತುಹಾಕಿಸಿದೆ. ವಾಸನೆ ಹೋಗಲಿ ಎಂದು.

ಹೆಣ್ಣು ಕೂಸು ಹುಟ್ಟಿತು, ವಿಜಯಪುರದ ಆಸ್ಪತ್ರೆಯಲ್ಲಿ. ನೋವು ಶುರುವಾದಾಗ ಕರೆತಂದವನು ತಮ್ಮನೇ, ಎಸಿ ಹಾಕದೆ, ನಾಲ್ಕೂ ಕಿಟಕಿ ಇಳಿಸಿ. ಕೂಸನ್ನು ಟಿಕೋಟಾಕ್ಕೆ ಒಯ್ಯುವುದು ಮಾತ್ರ ಅತ್ತಿಯ ಕಾರಿನಲ್ಲಿ ಎಂದು ತಾಯಿ ಹಟ ಹಿಡಿದಳು. ಹೊರಡುವ ಬೆಳಿಗ್ಗೆ ಬಬಲೇಶ್ವರದ ಬೀಗತಿ ಬಂದಳು, ಕೈಯಲ್ಲಿ ಹಸಿರು ಖಣ, ಅಕ್ಕಿ, ಕೊಬ್ಬರಿ, ಮೊದಲಿನದಕ್ಕಿಂತ ದಪ್ಪದ ಮಾಲೆ. ನೇರವಾಗಿ ಕಾರಿನ ಮುಂದಕ್ಕೆ ನಡೆದಳು.

ನಾನು ಬಾಯಿ ತೆಗೆಯುವ ಮೊದಲೇ ತಮ್ಮ ಓಡಿಬಂದು, ಎರಡೂ ಕೈ ಚಾಚಿ ಜಾಲರಿಗೆ ಬೆನ್ನು ಕೊಟ್ಟು ನಿಂತ.

"ಇಲ್ಲಿ ಬ್ಯಾಡ್ರಿ ಬೀಗತ್ಯಾರ! ಇದು ಅದರ ಮೂಗ್ರಿ! ಉಸರ ಕಟ್ಟತೈತ್ರಿ!"

"ಹಂಗಾದ್ರ ಉಡಿ ಎಲ್ಲಿ ತುಂಬೂದ್ರಿ?" ಅವಳು ಕಂಗಾಲಾಗಿ ಕೇಳಿದಳು.

ಮುಂದಿನ ಸೀಟಿನಲ್ಲಿ ನಮ್ಮ ಯಜಮಾನರು ಆಗಲೇ ಬೆಲ್ಟ್ ಹಾಕಿಕೊಂಡು, ಶಲ್ಯ ಬಿಡಿಸಿ ಮಡಿಲಿಗೆ ಹಾಸಿ ಕುಳಿತಿದ್ದರು. ಬೀಗತಿ ಅದರಲ್ಲಿ ಉಡಿ ತುಂಬಿದಳು. ನಾನು ಹಿಂದೆ ತಿರುಗಿ ತಾಯಿ ಮಗುವನ್ನು ನೋಡಿದೆ, ಕನ್ನಡಿ ಸರಿಮಾಡಿದೆ, ಕಿಟಕಿ ಇಳಿಸಿ ಕೀಲಿ ತಿರುಗಿಸಿದೆ.